ಫ್ರಾನ್ಸಿಗೆ ಕಾಲಿಡದ ಬಾಲ್ದಿರಿ

ಬಾಲ್ದಿರಿ ಆಣೆ ಹಾಕಿದ್ದು ಕಿರ್ಜೆಯ ಕಾಫಿ ಅಂಗಡಿಯಲ್ಲಿ, ಎದುರಿಗೆ ಬಿಸಿ ಕಾಫಿ ಮತ್ತು ಬೀಗಿತ್ತಿ ಎರಡೂ ಇದ್ದಾಗ.

ಕತಲೋನಿಯ ಸ್ಪೇನಿನಿಂದ ಬೇರೆಯಾಗಬೇಕೋ ಬೇಡವೋ ಎಂದು ಜನ ಮತ ಹಾಕಿ ಇನ್ನೂ ವಾರ ತುಂಬಿರಲಿಲ್ಲ. ಬಾಲ್ದಿರಿ ಬೇಕು ಎಂದೇ ಹಾಕಿದ್ದ. ಹಾಕಿದ್ದನ್ನು ಊರಿಗೆಲ್ಲ ಸಾರಿಯೂ ಇದ್ದ. ಅಂಗಡಿಯ ಟೀವಿಯಲ್ಲಿ ಕೋಟು ತೊಟ್ಟ ಯಾವನೋ ಒಬ್ಬ ಬಂದು, ಬೇರೆಯಾದವರು ಯುರೋಪಿನ ಒಕ್ಕೂಟದಿಂದಲೂ ಹೊರಗೆ ಬಿದ್ದಂತೆಯೇ, ಮತ್ತೆ ಒಳಗೆ ಬರಬೇಕೆಂದರೆ ಹೊಸಬರ ಹಾಗೆ ಅರ್ಜಿ ಹಾಕಿ ಕಾಯಬೇಕು ಎಂದು ಹೇಳಿ ಹೋದ.

ಸೋಲಾಂಜ್ ಸಕ್ಕರೆ ಕಲಕುವುದನ್ನು ನಿಲ್ಲಿಸಿದಳು. ಅವಳು ಪಕ್ಕದ ಎಸ್ತವಾರ್‌ನವಳು, ಅಂದರೆ ಫ್ರಾನ್ಸಿನವಳು. ಅವಳ ಮಗ ರೆಮಿಗೂ ಬಾಲ್ದಿರಿಯ ಮಗಳು ಎಲಿಸೆಂದಳಿಗೂ ಮದುವೆ ಗೊತ್ತಾಗಿತ್ತು. ತಮ್ಮೂರ ಕಾಫಿ ಕಲಗಚ್ಚು ಎಂದು ಬೈದುಕೊಂಡು ದಿನಾ ಬೆಳಗ್ಗೆ ಗಡಿ ದಾಟಿ ಇಲ್ಲಿಗೇ ಬರುತ್ತಿದ್ದಳು.

"ಕೇಳಿದಿರಾ ಬೀಗರೇ? ಇನ್ಮೇಲೆ ನೀವು ಹೊರಗಿನೋರು."

"ಯಾರ್ರೀ ಹೊರಗಿನೋರು? ಮೂವತ್ತು ವರ್ಷದಿಂದ ಒಳಗೇ ಇದೀವಿ. ನನ್ನ ಹಸುಗಳ ಕಿವೀಲಿ ಅವರ ಹಳದಿ ಬಿಲ್ಲೇನೇ ನೇತಾಡ್ತಿರೋದು. ಬಂದು ಕಿತ್ಕೊಂಡು ಹೋಗ್ತಾರಂತಾ?"

"ಅಯ್ಯೋ, ಹಸುಗಳನ್ನ ಇಟ್ಕೊಳ್ತಾರೆ. ನಿಮ್ಮನ್ನ ಮಾತ್ರ ವಾಪಸ್ ಕಳಿಸ್ತಾರೆ."

ಅಂಗಡಿಯೇ ನಕ್ಕಿತು. ಬೈದರೆ ಬಾಲ್ದಿರಿ ತಡೆದುಕೊಳ್ಳುತ್ತಿದ್ದ, ನಕ್ಕರೆ ಅವನಿಂದ ಆಗುತ್ತಿರಲಿಲ್ಲ. ಮೇಜು ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು.

"ಹಾಗಾದ್ರೆ ಎಲ್ಲರೂ ಕೇಳ್ಕೊಳ್ಳಿ! ನಮಗೆ ಒಳಗೆ ಜಾಗ ಇದೆ ಅಂತ ಆ ಒಕ್ಕೂಟದೋರು ಬಾಯಿಬಿಟ್ಟು ಹೇಳೋವರೆಗೂ ನಾನು ಫ್ರಾನ್ಸಿನ ಮಣ್ಣಿನ ಮೇಲೆ ಕಾಲಿಡಲ್ಲ. ನಮ್ಮಪ್ಪನಾಣೆಗೂ ಇಡಲ್ಲ!"

ನಗು ನಿಂತಿತು. ಲೋಟ ಒರೆಸುತ್ತಿದ್ದ ಕಿರ್ಜೆ ಮೆಲ್ಲಗೆ ಕೇಳಿದ: "ಬಾಲ್ದಿರಣ್ಣ, ನಮ್ಮೂರಿನ ಸುತ್ತ ಇರೋದು ಏನು?"

ಬಾಲ್ದಿರಿ ಚೆಲ್ಲಿದ ಕಾಫಿಯನ್ನು ತೋಳಿನಿಂದ ಒರೆಸತೊಡಗಿದ. ಅವರ ಊರು ಲೀವಿಯ ಸ್ಪೇನಿಗೆ ಸೇರಿದ್ದು, ನಿಜ. ಆದರೆ ಅದರ ನಾಲ್ಕೂ ದಿಕ್ಕಿಗೆ ಇರುವುದು ಫ್ರಾನ್ಸು. ನೂರಾರು ವರ್ಷದ ಹಿಂದೆ ರಾಜರುಗಳು ಹಳ್ಳಿ ಹಂಚಿಕೊಳ್ಳುವಾಗ, ಇದು ಹಳ್ಳಿಯಲ್ಲ ಪಟ್ಟಣ ಎಂದು ಇದೊಂದನ್ನು ಸ್ಪೇನಿಗೇ ಬಿಟ್ಟರು. ಅಂದಿನಿಂದ ತಟ್ಟೆಯ ಮಧ್ಯದ ಆಲೂಗಡ್ಡೆಯ ಹಾಗೆ ಕೂತಿದೆ. ಸ್ಪೇನಿಗೆ ಹೋಗಲು ಇರುವುದು ಒಂದೇ ರಸ್ತೆ. ಆ ರಸ್ತೆ ಇಬ್ಬರದೂ ಅಲ್ಲ ಎಂದು ಹಿಂದೆಯೇ ತೀರ್ಮಾನವಾಗಿದೆ. ಆದ್ದರಿಂದ ಡಾಂಬರಿನಿಂದ ಕಾಲು ಜಾರದಂತೆ ನಡೆದರೆ ಬಾಲ್ದಿರಿ ಸಂತೆಗೆ ಹೋಗಬಹುದಿತ್ತು, ಅಷ್ಟೆ.

"ಹೊಟ್ಟೆಪಾಡಿಗೆ ತೊಂದರೆ ಇಲ್ಲ ಬಿಡು. ಮೂತ್ರಕ್ಕೆ ಅವಸರ ಆದ್ರೆ ಮಾತ್ರ ರಸ್ತೆ ಮಧ್ಯೆ ನಿಲ್ಲಬೇಕು," ಎಂದ ಕಿರ್ಜೆ.

ಮನೆಯಲ್ಲಿ ಎಲಿಸೆಂದ ಕಾದು ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲು ಮನೆ ತಲುಪಿತ್ತು.

"ಅಪ್ಪ, ನನ್ನ ಮದುವೆ ಎಲ್ಲಿ?"

"ಎಸ್ತವಾರ್‌ನಲ್ಲಿ."

"ಎಸ್ತವಾರ್ ಎಲ್ಲಿದೆ?"

ಬಾಲ್ದಿರಿ ಬೂಟಿನ ಮಣ್ಣು ಕೆರೆಯತೊಡಗಿದ. "ಮದುವೇನ ಇಲ್ಲಿಗೇ ತಂದ್ರೆ ಆಯ್ತು."

"ಮದುವೆ ಆಗೋದು ಅಲ್ಲಿನ ಊರಕಚೇರೀಲಿ, ಅದರ ಬಾಗಿಲಿಗೆ ನಮ್ಮ ಹೆಸರು ಅಂಟಿಸಿ ಆಗಿದೆ. ಒಂದೇ ಸಲ ಹೇಳ್ತೀನಿ, ಬೇಡಿಕೊಳ್ಳಲ್ಲ. ನೀನು ಬಂದ್ರೆ ನಿನ್ನ ಕೈ ಹಿಡಿದು ಒಳಗೆ ಹೋಗ್ತೀನಿ. ಬರಲಿಲ್ವಾ, ಒಬ್ಬಳೇ ಹೋಗ್ತೀನಿ. ಇನ್ನೊಬ್ಬರ ಕೈ ಮಾತ್ರ ಹಿಡಿಯಲ್ಲ."

ಅವಳ ಸಿಟ್ಟೂ ಅವನದೇ. ತಾಯಿ ಸತ್ತಾಗ ಅವಳಿನ್ನೂ ಶಾಲೆಗೆ ಸೇರದ ಕೂಸು. ಹಸುವಿನ ಹಗ್ಗ ಹೊಸೆದ ಕೈಯಲ್ಲೇ ಅವಳ ಜಡೆ ಹೆಣೆದು ಶಾಲೆಗೆ ಕಳಿಸಿದವನು ಬಾಲ್ದಿರಿ. ಮದುವೆಯಲ್ಲಿ ಅವಳ ಕೈ ಹಿಡಿದು ನಡೆಯಲೆಂದೇ ಹೊಸ ಕರಿ ಬೂಟು ಕೊಂಡು ಪೆಟ್ಟಿಗೆಯಲ್ಲಿಟ್ಟಿದ್ದ. ಈಗ ಆ ಪೆಟ್ಟಿಗೆ ಕಣ್ಣಿಗೆ ಬಿದ್ದಾಗಲೆಲ್ಲ ತೆರೆದು ಬೂಟು ಒರೆಸಿ ಇಡುತ್ತಿದ್ದ. ಆದರೆ ಅಂಗಡಿ ತುಂಬ ಜನರೆದುರು ಅಪ್ಪನ ಮೇಲೆ ಹಾಕಿದ ಆಣೆ. ನುಂಗುವುದು ಹೇಗೆ?

ಊರಂಚಿನ ಅವನ ಹುಲ್ಲುಗಾವಲಿನಲ್ಲಿ ಒಂದು ಮರಸೇಬಿನ ಮರ, ಅದರ ಕೆಳಗೆ ಒಂದು ಬೆಂಚು. ಬೆಂಚಿನ ಹಿಂದೆ ನೀರಿನ ಕಾಲುವೆ, ಕಾಲುವೆಯ ಆಚೆ ಫ್ರಾನ್ಸು. ಬಾಲ್ದಿರಿ ದಿನವೂ ಅಲ್ಲಿ ಹೋಗಿ ಫ್ರಾನ್ಸಿಗೆ ಬೆನ್ನು ಹಾಕಿ ಕೂರತೊಡಗಿದ. ಆ ದೇಶಕ್ಕೆ ಅವನು ಕೊಟ್ಟ ಶಿಕ್ಷೆ ಅದು.

ಸೋಲಾಂಜ್ ಮಧ್ಯಾಹ್ನ ಕಾಲುವೆಯ ಆಚೆ ದಂಡೆಗೆ ಬಂದು, ಬುಟ್ಟಿ ಇಳಿಸಿ, ಅವನ ಬೆನ್ನಿನೊಂದಿಗೆ ಜಗಳ ಶುರುಮಾಡುತ್ತಿದ್ದಳು.

"ಹೊಸದಾಗಿ ಸೇರಬೇಕಾದ್ರೆ ಒಳಗಿರೋ ಪ್ರತಿಯೊಬ್ಬರೂ ಹೂಂ ಅನ್ನಬೇಕು ಬೀಗರೇ. ಒಬ್ಬರು ಉಹೂಂ ಅಂದ್ರೂ ಮುಗೀತು. ಒಳಗೆ ಕೂತಿರೋರಲ್ಲಿ ಸ್ಪೇನೂ ಇದೆ, ನೆನಪಿದೆ ತಾನೆ?"

"ಸ್ಪೇನಿಗೇನು, ನಾಳೆ ಅದೂ ದಾರಿಗೆ ಬರುತ್ತೆ."

"ಮನೆ ಒಡೆದು ಹೋದ ತಮ್ಮನಿಗೆ ಅಣ್ಣ ಬಂದು ಬಾಗಿಲು ತೆಗೀತಾನಾ?"

"ನಾವು ಒಡೆದು ಹೋಗೋದು ಅಣ್ಣನ ಮನೆಯಿಂದ. ಬೀದಿಯಿಂದ ಅಲ್ಲ! ಒಕ್ಕೂಟ ಅಂದ್ರೆ ಬೀದಿ. ಬೀದೀಲಿ ಓಡಾಡೋಕೆ ಅಣ್ಣನ ಅಪ್ಪಣೆ ಯಾಕ್ರೀ?"

ಸೋಲಾಂಜ್ ಬುಟ್ಟಿಗೆ ಕೈ ಹಾಕಿದಳು. ಮಾತು ಅವಳಿಗೂ ಹಿಡಿಸಿತ್ತು. ಆದರೆ ಒಪ್ಪಿಕೊಂಡರೆ ಜಗಳದ ರುಚಿ ಕೆಡುತ್ತದೆ. "ಗಿಣ್ಣು ತಿನ್ನಿ," ಎಂದು ಮೇಕೆಹಾಲಿನ ಚೀಸಿನ ಗಟ್ಟಿಯನ್ನು ಎಸೆದಳು. ಬಾಲ್ದಿರಿ ತಿರುಗಿ ನೋಡದೆಯೇ ಹಿಡಿದ. ತನ್ನ ಮಣ್ಣಿನಲ್ಲಿ ಕೂತು ತಿಂದರೆ ಆಣೆಗೆ ಭಂಗವಿಲ್ಲ ಎಂಬುದು ಅವನ ಲೆಕ್ಕಾಚಾರ. ಅವಳು ಯಾಕೋ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದುದು ಅವನಿಗೆ ಕಾಣಲಿಲ್ಲ.

ಬೇಸಿಗೆಯಿಡೀ ಫ್ರಾನ್ಸಿನ ಬೆಟ್ಟದಲ್ಲಿ ಮೇದ ಅವನ ಹಸುಗಳನ್ನು ಆ ವರ್ಷ ಇಳಿಸಿಕೊಂಡು ಬಂದವನು ರೆಮಿ. ಹಸುಗಳು ಯಾರನ್ನೂ ಕೇಳದೆ ಕಾಲುವೆ ದಾಟಿದವು, ಗಂಟೆ ಬಾರಿಸಿಕೊಂಡು ಬಂದು ಬಾಲ್ದಿರಿಯ ಅಂಗೈ ನೆಕ್ಕಿದವು. ಅವನು ಅವುಗಳ ಕಿವಿಯ ಹಳದಿ ಬಿಲ್ಲೆ ಮುಟ್ಟಿ ನೋಡಿದ. ಹೊಟ್ಟೆಕಿಚ್ಚಾಯಿತು.

ಮದುವೆಯ ಬೆಳಗ್ಗೆ ಎಲಿಸೆಂದ ಬಿಳಿ ಉಡುಪು ತೊಟ್ಟು ಹೊರಟಳು. ಬಾಗಿಲಲ್ಲಿ ಒಂದು ಗಳಿಗೆ ನಿಂತಳು, ಅಷ್ಟೆ. ಅವಳು ಹೋದ ಮೇಲೆ ಬಾಲ್ದಿರಿ ಸೂಟು ಹಾಕಿದ, ಹೊಸ ಬೂಟು ಕಟ್ಟಿದ, ಬೆಂಚಿಗೆ ಹೋಗಿ ಕೂತ. ಈ ಸಲ ಫ್ರಾನ್ಸಿನ ಕಡೆಗೇ ಮುಖ ಮಾಡಿದ. ದೂರದಿಂದಾದರೂ ಕಾಣಲಿ. ಕಣ್ಣು ಒರೆಸಿಕೊಂಡ. ಗಾಳಿಯನ್ನು ಬೈದ.

ಆಗ ಹಸಿರು ರೇಷ್ಮೆ ಉಡುಪಿನಲ್ಲಿ, ಹ್ಯಾಟಿನಲ್ಲಿ, ಕೈಯಲ್ಲಿ ಕುಡುಗೋಲು ಹಿಡಿದು ಸೋಲಾಂಜ್ ಬಂದಳು. ಕಾಲುವೆ ದಾಟಿದಳು. ಬೆಂಚನ್ನೂ ದಾಟಿ ಲೀವಿಯದ ಕಡೆಗೆ ನಾಲ್ಕು ಹೆಜ್ಜೆ ಹೋಗಿ ಮುಳ್ಳುಪೊದೆಯನ್ನು ಸವರತೊಡಗಿದಳು.

"ಬೀಗಿತ್ತಿ, ತಲೆ ಕೆಟ್ಟಿದೆಯೇನ್ರೀ? ಮದುವೆ ಹೊತ್ತಲ್ಲಿ ನನ್ನ ಬೇಲಿ ಯಾಕೆ ಕಡೀತಿದ್ದೀರಿ?"

"ನಿಮಗೆ ಬುದ್ಧಿ ಬರುತ್ತೆ, ನೀವಾಗೇ ಎದ್ದು ಬರ್ತೀರಿ ಅಂತ ಇವತ್ತಿನವರೆಗೂ ಕಾದೆ. ಬರಲಿಲ್ಲ. ಬಂದು ಇದನ್ನ ನೋಡಿ."

ಪೊದೆಯೊಳಗೆ ಪಾಚಿ ಹಿಡಿದ ಒಂದು ಗಡಿಕಲ್ಲು. ಕಲ್ಲಿನ ಆ ಪಕ್ಕ ಲೀವಿಯ. ಈ ಪಕ್ಕ ಫ್ರಾನ್ಸು. ಈ ಪಕ್ಕದಲ್ಲೇ ಮರಸೇಬಿನ ಮರ, ಈ ಪಕ್ಕದಲ್ಲೇ ಬೆಂಚು, ಬೆಂಚಿನ ಮುಂದೆ ಹೊಸ ಬೂಟು ತೊಟ್ಟ ಬಾಲ್ದಿರಿ.

"ಗಡಿ ಕಾಲುವೆ ತಾನೇ?" ಅವನ ದನಿ ಸಣ್ಣಗಾಯಿತು.

"ಕಾಲುವೆ ತೋಡಿದ್ದು ಯಾರು? ನಿಮ್ಮಜ್ಜ. ಯುದ್ಧದ ಕಾಲದಲ್ಲಿ ನಮ್ಮ ಹಸುಗಳನ್ನ ತಮ್ಮ ಕೊಟ್ಟಿಗೇಲಿ ಬಚ್ಚಿಟ್ಟರಂತೆ. ಅದಕ್ಕೆ ನಮ್ಮಜ್ಜ, ಈ ಪಟ್ಟೆ ಹುಲ್ಲು ನೀವೇ ಕೊಯ್ಕೊಳ್ಳಿ ಅಂದ್ರು. ನಿಮ್ಮಜ್ಜ ಈ ಕಲ್ಲಿನ ಪಕ್ಕದ ಹಳೇ ಕಾಲುವೆ ಮುಚ್ಚಿ, ನಮ್ಮ ಕಡೆಗೆ ಹೊಸದು ತೋಡಿ, ನೀರು ಹಾಯಿಸ್ಕೊಂಡ್ರು. ಆಮೇಲೆ ನಿಮ್ಮನೇಲಿ ಎಲ್ಲರೂ ಕಾಲುವೇನೇ ಗಡಿ ಅಂದ್ಕೊಂಡ್ರಿ. ಆಣೆ ಹಾಕಿದ ಮಾರನೇ ದಿನದಿಂದ ನೀವು ಬಂದು ಕೂತಿರೋದು ನಮ್ಮ ದೇಶದಲ್ಲೇ ಬೀಗರೇ!"

ಬಾಲ್ದಿರಿಯ ಮುಖ ಮೆಣಸಿನಕಾಯಿಯಾಯಿತು. "ಗೊತ್ತಿದ್ದೂ ಸುಮ್ಮನಿದ್ರಾ? ದಿನಾ ಬಂದು ನನ್ನ ಬೆನ್ನು ನೋಡಿ ನಕ್ಕಿದ್ರಾ? ನೀವೇನು ಹೆಂಗಸೋ, ಹೆಗ್ಗಣವೋ!"

"ಎರಡೂ. ಫ್ರಾನ್ಸಿಗೆ ಬೆನ್ನು ಹಾಕೋಕೆ ಫ್ರಾನ್ಸಿಗೇ ಬಂದ ಮನುಷ್ಯನ್ನ ಮತ್ತೆಲ್ಲಿ ನೋಡಲಿ?"

ಬೈಯಲು ಬಾಯಿ ತೆರೆದ ಬಾಲ್ದಿರಿಯ ಹೊಟ್ಟೆಯಿಂದ ಬೈಗುಳ ಬರಲಿಲ್ಲ, ನಗು ಬಂತು. ಬೆಂಚಿನ ಮೇಲೆ ಕುಸಿದು ಕೂತು, ತೊಡೆ ತಟ್ಟಿಕೊಂಡು, ಉಸಿರು ಕಟ್ಟುವಷ್ಟು ನಕ್ಕ. ಆಮೇಲೆ ದಡಕ್ಕನೆ ಎದ್ದ.

"ಒಂದು ಮಾತು ತಿಳ್ಕೊಳ್ಳಿ. ಆಣೆ ಮುರಿದೋನು ನಾನಲ್ಲ, ನಮ್ಮಜ್ಜ."

"ಹೌದಪ್ಪ, ಅಜ್ಜಂದೇ ತಪ್ಪು. ನಡೀರಿ, ಅಲ್ಲಿ ನಿಮ್ಮ ಮಗಳು ಒಬ್ಬಳೇ ನಿಂತಿದಾಳೆ."

ಅವನು ಕಾಲುವೆಯನ್ನು ಹಾರಿದ. ಅರ್ಧ ಹಾರಿದ, ಅರ್ಧ ನೀರಿಗೆ ಬಿದ್ದ. ಒದ್ದೆ ಬೂಟು ಪಚಕ್ ಪಚಕ್ ಎನ್ನುತ್ತಿದ್ದಂತೆ ಎಸ್ತವಾರ್‌ನ ಬೀದಿಯಲ್ಲಿ ಓಡಿದ. ಹ್ಯಾಟು ಹಿಡಿದುಕೊಂಡು ಸೋಲಾಂಜ್ ಹಿಂದೆ ಓಡಿದಳು. ಕಚೇರಿಯ ಮೆಟ್ಟಿಲ ಮೇಲೆ ಎಲಿಸೆಂದ ಒಳಗೆ ಹೋಗದೆ ನಿಂತೇ ಇದ್ದಳು. ಅಪ್ಪನನ್ನು ನೋಡಿದಳು, ಅವನ ಬೂಟನ್ನು ನೋಡಿದಳು.

"ಒಕ್ಕೂಟದೋರು ಜಾಗ ಇದೆ ಅಂದ್ರಾ?"

"ಅವರ ಮಾತು ಆಮೇಲೆ. ಮೊದಲು ಕೈ ಕೊಡು."

ಅವಳು ಕೈ ಕೊಡಲಿಲ್ಲ, ಕುತ್ತಿಗೆಗೇ ಜೋತುಬಿದ್ದಳು. ಆಮೇಲೆ ಇಬ್ಬರೂ ಕೈ ಹಿಡಿದು ಒಳಗೆ ನಡೆದರು. ಹೊಳೆಯುವ ನೆಲದ ಮೇಲೆ ಒದ್ದೆ ಹೆಜ್ಜೆಗಳು ಬಾಗಿಲಿಂದ ಮದುಮಗನವರೆಗೂ ಮೂಡಿದವು.

ಊಟಕ್ಕೆ ಎರಡೂ ಊರಿನವರು ಬಂದಿದ್ದರು. ಎಲೆಕೋಸು ಆಲೂಗಡ್ಡೆಯ ಹುರಿದ ಮುದ್ದೆ ಅವರದೋ ಇವರದೋ ಎಂಬ ಜಗಳ ಆಯಿತು, ವೈನ್ ಯಾರದೆಂಬ ಜಗಳವೂ ಆಯಿತು. ಸಂಜೆಗೆ ಎಲ್ಲರೂ ಕೈಕೈ ಹಿಡಿದು ಸುತ್ತು ಕುಣಿದರು. ಬೂಟು ಒಣಗಲು ಇಟ್ಟು ಬಾಲ್ದಿರಿ ಕಾಲುಚೀಲದಲ್ಲೇ ಕುಣಿದ. ಪಕ್ಕದಲ್ಲಿ ಕುಣಿಯುತ್ತಿದ್ದ ಸೋಲಾಂಜ್ ಏದುಸಿರು ಬಿಡುತ್ತ ಕೇಳಿದಳು:

"ಬೆಂಚನ್ನ ಕಲ್ಲಿನ ಆಚೆಗೆ ಸಾಗಿಸ್ತೀರೇನು ಬೀಗರೇ?"

"ಯಾಕ್ರೀ ಸಾಗಿಸಲಿ? ನಾವು ಬೇರೆ ಆಗೋದು ಆಗೋದೇ. ನಾಳೆ ಆ ಕೋಟಿನೋರು ನಮ್ಮನ್ನ ಹೊರಗೆ ಹಾಕಿದ್ರೂ ನಾನು ಅಲ್ಲಿ ಒಳಗೇ ಕೂತಿರ್ತೀನಿ. ಬಂದು ಎಬ್ಬಿಸಲಿ ನೋಡೋಣ. ನೀವು ಗಿಣ್ಣು ತರೋದು ಮಾತ್ರ ನಿಲ್ಲಿಸಬೇಡಿ."