ಗಂಟಮ್ಮನ ಕಡೆಯ ಉಂಡೆ

ಗೊನೆ ಕಡಿದ ಮೇಲೆ ಬಾಳೆಗಿಡ ಯಾರಿಗೂ ಬೇಡ. ತೋಟದವರು ಉರುಳಿಸಿ ಮೂಲೆಗೆ ಎಸೆಯುತ್ತಾರೆ, ಅದು ಅಲ್ಲೇ ಕೊಳೆಯುತ್ತದೆ. ಒಬ್ಬ ನೇಕಾರನ ಮನೆಗೆ ಮಾತ್ರ ಅದೇ ಬಂಗಾರ. ಮಗಳು ಪಟ್ಟೆ ಸುಲಿದು, ಮೊಂಡು ಚಾಕುವಿನಿಂದ ಕೆರೆದು ನಾರು ತೆಗೆಯುತ್ತಿದ್ದಳು. ಹೆಂಡತಿ ಎಳೆಗಳನ್ನು ತುದಿಗೆ ತುದಿ ಸೇರಿಸಿ ಗಂಟು ಹಾಕಿ ಉಂಡೆ ಸುತ್ತುತ್ತಿದ್ದಳು. ಅವನು ಅದರಲ್ಲಿ ಬಟ್ಟೆ ನೇಯುತ್ತಿದ್ದ.

ಹೆಂಡತಿಯನ್ನು ಕೇರಿಯವರೆಲ್ಲ ಗಂಟಮ್ಮ ಎಂದೇ ಕರೆಯುತ್ತಿದ್ದರು. ಅವಳು ಹಾಕಿದ ಗಂಟು ಎಳ್ಳುಕಾಳಿಗಿಂತ ಚಿಕ್ಕದು, ಜಪ್ಪಯ್ಯ ಅಂದರೂ ಬಿಚ್ಚದು. ಗಂಟಿನಾಚೆ ಮಿಕ್ಕ ತುದಿಯನ್ನು ಬುಡಕ್ಕೇ ಕತ್ತರಿಸಬೇಕು, ಇಲ್ಲದಿದ್ದರೆ ಬಟ್ಟೆಯ ಮೇಲೆ ಕೂದಲೆದ್ದ ಹಾಗೆ ಕಾಣುತ್ತದೆ. ಮಗಳು ಒಮ್ಮೆ ಮರೆತರೆ ಸಾಕು, "ಬಾಲ ಯಾಕೆ ಬಿಟ್ಟಿದ್ದೀಯ? ಇದೇನು ಇಲಿಯಾ?" ಎಂದು ಸೂರು ಹಾರುವಂತೆ ಕೂಗುತ್ತಿದ್ದಳು.

ಆಮೇಲೆ ಅವಳ ಕಣ್ಣು ಮಂಜಾಯಿತು, ಕೈ ನಡುಗತೊಡಗಿತು. ಗಂಟುಗಳು ಮಗ್ಗದ ಮೇಲೆ ಬಿಚ್ಚಿಕೊಳ್ಳತೊಡಗಿದವು. ನೇಕಾರ ಅದನ್ನು ಅವಳಿಗೆ ತಿಳಿಯಗೊಡಲಿಲ್ಲ. ಅವಳು ಮಧ್ಯಾಹ್ನ ಮಲಗಿದಾಗ ಉಂಡೆ ಬಿಚ್ಚಿ, ಸಡಿಲವಾದವನ್ನೆಲ್ಲ ತಾನೇ ಮತ್ತೆ ಬಿಗಿಯುತ್ತಿದ್ದ. ಬುಡಕ್ಕೆ ಕತ್ತರಿಸಿದ ತುದಿ ಅವನ ದಪ್ಪ ಬೆರಳಿಗೆ ಸಿಗುತ್ತಿರಲಿಲ್ಲ. ಉಗುರು ಸೀಳಿ ರಕ್ತ ಬರುತ್ತಿತ್ತು.

"ಅಮ್ಮಂಗೆ ಹೇಳಿಬಿಡಪ್ಪಾ, ಎಷ್ಟು ದಿನ ಈ ನಾಟಕ?" ಎಂದಳು ಮಗಳು.

"ಅವಳಿಗೆ ಉಳಿದಿರೋದೇ ಆ ಹೆಮ್ಮೆ ಒಂದು. ಅದನ್ನೂ ಕಿತ್ಕೊಳ್ಳಲಾ? ನೀನು ಬಾಯಿ ಮುಚ್ಕೊಂಡಿರು."

ದಿನಾ ಸಂಜೆ ಅವಳು ನೇಯ್ದ ಬಟ್ಟೆಯ ಮೇಲೆ ಕೈಯಾಡಿಸಿ, "ಒಂದಾದ್ರೂ ಬಿಡ್ತೇನ್ರೀ?" ಎಂದು ಕೇಳುವಳು.

"ನೀನು ಹಾಕಿದ ಗಂಟು ಬಿಡೋದುಂಟಾ?" ಎನ್ನುವನು ಅವನು. ಅವಳ ಮುಖ ಅರಳುತ್ತಿತ್ತು.

ಒಂದು ಸಂಜೆ ಅವಳ ಬೆರಳು ಬಟ್ಟೆಯ ಒಂದೇ ಕಡೆ ತುಂಬ ಹೊತ್ತು ನಿಂತಿತು. ಅವತ್ತು ಏನೂ ಕೇಳಲಿಲ್ಲ. ಅವನ ಕೈ ಎಳೆದುಕೊಂಡು, ಉಗುರುಗಳನ್ನು ಒಂದೊಂದಾಗಿ ಸವರಿ, ಬಿಟ್ಟಳು. ಸುಸ್ತಾಗಿರಬೇಕು ಎಂದುಕೊಂಡ ಇವನು. ಗಂಡಸರ ಬುದ್ಧಿ ಅಷ್ಟೇ.

ಆ ವಾರವೆಲ್ಲ ಕೂತು ಅವಳು ಇನ್ನೊಂದು ಉಂಡೆ ಸುತ್ತಿದಳು. ಮರುವಾರ ತೀರಿಕೊಂಡಳು.

ಮಗ್ಗದ ಮೇಲೆ ಬಟ್ಟೆ ಇನ್ನೊಂದು ಗೇಣು ಬಾಕಿ ಇತ್ತು. ತಿಂಗಳು ಕಳೆದ ಮೇಲೆ ಅವನು ಮನಸ್ಸು ಗಟ್ಟಿ ಮಾಡಿಕೊಂಡು, ಎಂದಿನಂತೆ ಸಡಿಲ ಗಂಟು ಹುಡುಕಲು ಆ ಉಂಡೆ ಬಿಚ್ಚಿದ. ಮೊದಲ ಗಂಟಿಗೇ ಕೈ ನಿಂತಿತು. ಎರಡೂ ತುದಿ ನಾಲ್ಕು ಬೆರಳುದ್ದ ಉಳಿದಿದ್ದವು. ಪಾಪ, ಮರೆತಿದ್ದಾಳೆ ಎಂದುಕೊಂಡ. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ. ಉಂಡೆಯ ಒಳಗಿನ ಕೊನೆಯ ಎಳೆಯವರೆಗೂ ಅವಳು ಒಂದು ತುದಿಯನ್ನೂ ಕತ್ತರಿಸಿರಲಿಲ್ಲ.

ಅವಳಿಗೆ ಗೊತ್ತಾಗಿಹೋಗಿತ್ತು. ಅವನ ಒರಟು ಗಂಟುಗಳು ಅವಳ ಬೆರಳಿಗೆ ಸಿಕ್ಕಿದ್ದವು, ಸೀಳಿದ ಉಗುರೂ ಸಿಕ್ಕಿತ್ತು. ಜೀವಮಾನವಿಡೀ ಕಾಪಾಡಿಕೊಂಡ ಹೆಮ್ಮೆಯನ್ನು ಪಕ್ಕಕ್ಕಿಟ್ಟು, ಅವನ ಕೈಗೆ ಹಿಡಿಯಲು ಸಿಗಲಿ ಎಂದು ಬಾಲ ಬಿಟ್ಟಿದ್ದಳು. ಅವನು ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಳೋ ಎಂದು ಅತ್ತ. ಅವಳು ಹೋದ ದಿನವೂ ಹಾಗೆ ಅತ್ತಿರಲಿಲ್ಲ.

ಒಂದೊಂದೇ ಗಂಟು ಬಿಗಿದು, ನೇಯ್ದು ಮುಗಿಸಿದ. ಈ ಸಲ ಉಗುರಿಗೆ ಏನೂ ಆಗಲಿಲ್ಲ. ಬಟ್ಟೆಯ ಕಡೆಯ ಗೇಣಿನ ತುಂಬ ತುದಿಗಳು ಎದ್ದು ನಿಂತಿದ್ದವು. ಮಗಳು ಕತ್ತರಿ ತಂದಳು.

"ಇಡು ಅದನ್ನ," ಎಂದ. "ಬೈಯೋಳು ಬರ್ಲಿ, ಆಮೇಲೆ ಕತ್ತರಿಸೋಣ."