ಅಭ್ಯಾಸ ಪಂದ್ಯದ ಮಾತು

ರೋಂಡಾ ಟಿಲ್ಮನ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಏಡಿ ಹೋಟೆಲಿನ ಹಿಂದಿನ ಕೋಣೆಯಲ್ಲಿ ಬಲೆಕೋಲಿನಿಂದ ಚೆಂಡಾಡುವ ಲಕ್ರಾಸ್ ಆಟದ ಕೌಂಟಿ ಕೋಚ್‌ಗಳೆಲ್ಲ ಸೇರಿ, ಹೈಸ್ಕೂಲು ಹುಡುಗಿಯರಲ್ಲಿ ವರ್ಷದ ಅತ್ಯುತ್ತಮ ತಂಡವನ್ನು ಆರಿಸುತ್ತಿದ್ದರು. ಗೋಲು ಕಾಯುವ ಜಾಗಕ್ಕೆ ಅವಳು ತನ್ನ ಸರ್ಕಾರಿ ಶಾಲೆಯ ಜೋಲೀನ್ ಹೆಸರು ಹೇಳಿ ಬಾಯಿ ಮುಚ್ಚಿರಲಿಲ್ಲ, ಗ್ರೇಡನ್ ಪೈಕ್ ನಕ್ಕುಬಿಟ್ಟ.

ಪೈಕ್ ಸೇತುವೆಯಾಚೆಯ ಖಾಸಗಿ ಶಾಲೆಯ ಕೋಚ್. ಮರದ ಸುತ್ತಿಗೆಯಿಂದ ಏಡಿಯ ಚಿಪ್ಪು ಕುಟ್ಟುತ್ತ ಹೇಳಿದ: "ಬೇಜಾರು ಮಾಡ್ಕೋಬೇಡಿ ರೋಂಡಾ. ಹುಡುಗಿ ಚೆನ್ನಾಗೇ ಆಡ್ತಾಳೆ. ಆದ್ರೆ ಯಾರ ಎದುರು? ನೀವಾಡೋ ಲೀಗ್‌ನಲ್ಲಿ ಅರ್ಧ ಜನಕ್ಕೆ ಕೋಲು ಹಿಡಿಯೋಕೇ ಬರಲ್ಲ. ಅಲ್ಲಿ ನಮ್ಮಜ್ಜೀನೂ ಗೋಲು ಕಾಯ್ತಾರೆ."

ಮೇಜಿನ ಸುತ್ತ ನಗೆ ಎದ್ದಿತು.

"ಹಾಗಾದ್ರೆ ಬಂದು ನಮ್ಮ ಜೊತೆ ಆಡಿ! ವರ್ಷಾ ವರ್ಷಾ ಕರೀತೀನಿ."

"ನಿಮ್ಮ ಜೊತೆ ಆಡಿ ಗೆದ್ರೂ ನಮ್ಮ ರ‍್ಯಾಂಕ್ ಇಳಿಯುತ್ತಲ್ರೀ."

"ಆಡೋಕೂ ಬರಲ್ಲ, ಒಳ್ಳೆಯವರ ಜೊತೆ ಆಡಿಲ್ಲ ಅಂತ ಹಂಗಿಸೋದೂ ಬಿಡಲ್ಲ. ಇದ್ಯಾವ ನ್ಯಾಯ?"

ಆಡಿದ್ದರು, ಒಂದೇ ಸಲ. ತನ್ನ ಮೈದಾನಕ್ಕೆ ಹೊಸ ಹಾಸು ಹಾಕಿಸುತ್ತಿದ್ದಾಗ ಪೈಕ್ ಅಭ್ಯಾಸ ಪಂದ್ಯಕ್ಕೆಂದು ತಂಡವನ್ನು ರೋಂಡಾಳ ಮೈದಾನಕ್ಕೆ ತಂದಿದ್ದ. ಗೋಲಿನ ಮುಂದೆ ನಿಂತು ಜೋಲೀನ್ ಅವನ ಹುಡುಗಿಯರಿಗೆ ನೀರು ಕುಡಿಸಿದ್ದಳು. ಆದರೆ ಅಭ್ಯಾಸ ಪಂದ್ಯಕ್ಕೆ ಸ್ಕೋರ್‌ಬೋರ್ಡ್ ಹಚ್ಚುವುದಿಲ್ಲ. ಅಲ್ಲಿ ನಡೆದದ್ದನ್ನು ಯಾರೂ ಹೊರಗೆ ಬಾಯಿಬಿಡುವುದೂ ಇಲ್ಲ. ಬಾಯಿಬಿಟ್ಟ ಕೋಚ್‌ನ ಜೊತೆ ಮುಂದೆ ಯಾರೂ ಅಭ್ಯಾಸಕ್ಕಿಳಿಯುವುದಿಲ್ಲ. ಪೈಕ್ ತಾನಾಗಿಯೇ ಹೇಳಲಿ ಎಂದು ರೋಂಡಾ ಅವನನ್ನೇ ದುರುಗುಟ್ಟಿ ನೋಡಿದಳು. ಆ ಪುಣ್ಯಾತ್ಮ ಏಡಿಯ ಕಾಲು ಚೀಪುತ್ತಿದ್ದ.

ಮತಕ್ಕೆ ಕೈ ಎತ್ತುವ ಹೊತ್ತು ಬಂತು. ತನ್ನ ಶಾಲೆಯ ಹುಡುಗಿಗೆ ತಾನೇ ಕೈ ಎತ್ತುವಂತಿಲ್ಲ. ಜೋಲೀನ್‌ಗೆ ಒಂದು ಕೈ ಕಡಿಮೆ ಬಿತ್ತು. ಈ ತಂಡದಲ್ಲಿ ಹೆಸರಿಲ್ಲದಿದ್ದರೆ ಕಾಲೇಜಿನ ಕೋಚ್‌ಗಳು ಅವಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ರೋಂಡಾ ಕುರ್ಚಿ ಹಿಂದಕ್ಕೆ ತಳ್ಳಿ ಹೊರಗೆ ನಡೆದಳು.

ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಪೈಕ್ ಹಿಂದೆಯೇ ಬಂದ.

"ರೋಂಡಾ, ಒಂದು ನಿಮಿಷ. ಆ ಹುಡುಗಿಯ ಅಪ್ಪನಿಗೆ ನಂಗೊಂದು ಫೋನ್ ಮಾಡೋಕೆ ಹೇಳಿ. ಕೊನೇ ವರ್ಷಕ್ಕೆ ನಮ್ಮ ಶಾಲೇಲಿ ಸೀಟು ಕೊಡಿಸ್ತೀನಿ. ಅಂಥಾ ಗೋಲ್‌ಕೀಪರ್ ಈ ಕೌಂಟೀಲೇ ಇಲ್ಲ."

ರೋಂಡಾಳಿಗೆ ಕಿವಿಯೇ ಕಾದುಹೋಯಿತು. "ಮತ್ತೆ ಕೈ ಯಾಕೆ ಎತ್ತಲಿಲ್ಲ?"

"ಎತ್ತಿದ್ರೆ ಅವಳು ನಿಮ್ಮಲ್ಲೇ ಉಳೀತಾಳಲ್ಲ," ಎಂದು ಅವನು ಹಲ್ಲು ಬಿಟ್ಟ.

"ಥೂ, ನಿನ್ನ ಜನ್ಮಕ್ಕಿಷ್ಟು!" ಎಂದವಳೇ ಕಾರಿನ ಬಾಗಿಲನ್ನು ದಢಾರನೆ ಬಡಿದು ಮತ್ತೆ ಹೋಟೆಲಿನೊಳಕ್ಕೆ ನುಗ್ಗಿದಳು. ಪೈಕ್ ಹಿಂದೆಯೇ ಓಡಿದ.

ಸಭೆಯ ಅಧ್ಯಕ್ಷ ಮುದುಕ ವಾಲ್ಟ್ ಕೈ ಒರೆಸಿಕೊಳ್ಳುತ್ತಿದ್ದ. ಅವನೆದುರು ನಿಂತು ರೋಂಡಾ ಎಲ್ಲವನ್ನೂ ಕಕ್ಕಿದಳು: ಅಭ್ಯಾಸ ಪಂದ್ಯದಲ್ಲಿ ಪೈಕ್‌ನ ತಂಡ ಮಣ್ಣು ಮುಕ್ಕಿದ್ದು, ಈಗ ಹೊರಗೆ ಅವನು ಕೇಳಿದ್ದು. ಸುತ್ತಿಗೆಗಳ ಸದ್ದು ನಿಂತಿತು.

"ನಿಜಾನಾ ಗ್ರೇಡನ್?" ಎಂದ ವಾಲ್ಟ್.

ಬಾಗಿಲಲ್ಲಿ ನಿಂತಿದ್ದ ಪೈಕ್‌ನ ಮುಖ ಕೆಂಪೇರಿತ್ತು. "ಅಭ್ಯಾಸ ಪಂದ್ಯದ ಮಾತು ಯಾರೂ ಆಡಬಾರದು!"

ಸುಳ್ಳು ಎಂದು ಮಾತ್ರ ಅವನ ಬಾಯಿಂದ ಬರಲಿಲ್ಲ. ವಾಲ್ಟ್ ನಿಟ್ಟುಸಿರು ಬಿಟ್ಟ. "ಇನ್ನೊಂದು ಸಲ ಕೈ ಎತ್ರಪ್ಪಾ."

ಮೊದಲು ಎತ್ತದೆ ಕೂತಿದ್ದವರ ಕೈಗಳು ಒಂದೊಂದಾಗಿ ಮೇಲೆದ್ದವು. ಪೈಕ್‌ನ ಕೈಗಾಗಿ ಯಾರೂ ಕಾಯಲಿಲ್ಲ.

"ಹುಡುಗಿ ತಂಡ ಸೇರಿದಳು," ಎಂದ ವಾಲ್ಟ್. ಆಮೇಲೆ ದನಿ ಇಳಿಸಿದ. "ಆದ್ರೆ ರೋಂಡಾ, ಕಟ್ಟುಪಾಡು ಮುರಿದ್ಬಿಟ್ಟೆಯಲ್ಲಮ್ಮಾ. ಇನ್ನು ನಿನ್ನ ಮೈದಾನಕ್ಕೆ ಯಾರೂ ಬರಲ್ಲ."

"ಇಷ್ಟು ದಿನ ಮಾತ್ರ ಯಾರು ಬರ್ತಿದ್ರಿ?" ಎಂದು ರೋಂಡಾ ಕುರ್ಚಿ ಎಳೆದು ಕೂತು, ತನ್ನ ಪಾಲಿನ ಏಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.