ಹತ್ತು ಹೆಜ್ಜೆ ಹಿಂದೆ

ಮಲ್ಕಪ್ಪನಿಗೆ ಮದುವೆಯಾಗಿ ನಲವತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ದಾರಿ ನಡೆಯುವಾಗ ಅವನು ಒಮ್ಮೆಯೂ ತಿರುಗಿ ಹೆಂಡತಿಯನ್ನು ನೋಡಿದವನಲ್ಲ. ಇದನ್ನು ಕೇಳಿ ಅವನನ್ನು ಕಲ್ಲೆದೆಯವನು ಅನ್ನುವವರು ಅನ್ನಲಿ, ಅವರಿಗೆ ಚೌಡಾಪುರದ ಕಡೆಯ ರಿವಾಜು ಗೊತ್ತಿಲ್ಲ ಅಷ್ಟೆ. ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ. ಸಂತೆಗೆ ಹೋದರೂ ಹಾಗೇ, ಮಣ್ಣೂರಿನ ಬೀಗರ ಮನೆಗೆ ಹೋದರೂ ಹಾಗೇ. ನಡುವೆ ತಿರುಗಿ ನೋಡಿದರೆ ಕಟ್ಟೆಯ ಮೇಲೆ ಕೂತವರ ಬಾಯಿಗೆ ಒಂದು ವಾರದ ಮೇವು. ಮಲ್ಕಪ್ಪನ ಗೆಳೆಯ ಗುರಣ್ಣ ಹೊಸ ಮದುಮಗನಾಗಿದ್ದಾಗ ಎರಡು ಸಲ ತಿರುಗಿ ನೋಡಿದ ತಪ್ಪಿಗೆ ‘ಹೆಂಡ್ತಿ ಗುಲಾಮ’ ಎಂಬ ಹೆಸರು ಹೊತ್ತ. ಪಾಪ, ಮೊಮ್ಮಕ್ಕಳಾದರೂ ಆ ಹೆಸರು ಇಳಿಯಲಿಲ್ಲ.

ನೋಡಬಾರದು ಅಂದಿದ್ದರು ಹಿರಿಯರು, ಕೇಳಬಾರದು ಅಂದಿರಲಿಲ್ಲವಲ್ಲ. ಮಲ್ಕಪ್ಪ ಕಿವಿಯಲ್ಲೇ ಸಂಸಾರ ಮಾಡಿದ. ರುಕ್ಮಿಣಿಬಾಯಿಯ ಕಾಲಿನ ಒಂದೊಂದು ಬೆರಳಿಗೆ ಎರಡೆರಡು ಬೆಳ್ಳಿಯ ಉಂಗುರ. ಹೆಜ್ಜೆ ಇಟ್ಟಾಗಲೆಲ್ಲ ಅವು ಒಂದಕ್ಕೊಂದು ತಾಗಿ ಸಣ್ಣಗೆ ಟಿಣ್ ಅನ್ನುತ್ತಿದ್ದವು. ತಲೆಯ ಮೇಲೆ ಹೊರೆ ಇದ್ದರೆ ಒಂದು ಸಪ್ಪಳ, ಸಿಟ್ಟಿದ್ದರೆ ಇನ್ನೊಂದು. ಮಗಳು ಯಶೋಧರಾ ಹೊಟ್ಟೆಯಲ್ಲಿದ್ದಾಗ ಹೆಂಡತಿ ಬಾಯಿ ಬಿಟ್ಟು ಹೇಳುವ ಮೊದಲೇ ಆ ಸಪ್ಪಳ ಅವನಿಗೆ ಸುದ್ದಿ ಮುಟ್ಟಿಸಿತ್ತು. ಅವನು ರಸ್ತೆ ಗ್ಯಾಂಗಿನಲ್ಲಿ ಮೂವತ್ತು ವರ್ಷ ದುಡಿದವನು. ಬಿಸಿ ಡಾಂಬರು, ಜಲ್ಲಿಕಲ್ಲು, ರೋಡ್ ರೋಲರಿನ ಗದ್ದಲದಲ್ಲೂ, ಬುತ್ತಿ ಹೊತ್ತು ಬರುವ ಆ ಟಿಣ್ ಟಿಣ್ ಅವನಿಗೆ ಅರ್ಧ ಫರ್ಲಾಂಗಿನಿಂದ ತಿಳಿಯುತ್ತಿತ್ತು.

ಎರಡು ವರ್ಷದ ಹಿಂದೆ ಅವನಿಗೆ ಹಾರ್ಟ್ ಅಟ್ಯಾಕ್ ಆಯಿತು. ಕಲಬುರಗಿಯಲ್ಲಿ ಎರಡು ಸ್ಟೆಂಟು ಹಾಕಿ ಕಳಿಸಿದರು. ಅಂದಿನಿಂದ ಮನೆಯೇ ಒಂದು ಆಸ್ಪತ್ರೆಯಾಯಿತು. ಪುಂಡಿಪಲ್ಲೆಗೆ ಉಪ್ಪು ಚಿಟಿಕೆ ಲೆಕ್ಕ, ರೊಟ್ಟಿಗೆ ಹಚ್ಚುವ ಎಣ್ಣೆ ಬಂದ್. ಎದೆ ಹಿಡಿದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕಾದ ಸಣ್ಣ ಗುಳಿಗೆಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ರುಕ್ಮಿಣಿಬಾಯಿ ತನ್ನ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಳು. ಮಲಗುವಾಗಲೂ ಸಂಚಿ ತಲೆದಿಂಬಿನ ಕೆಳಗೆ. ಮಲ್ಕಪ್ಪನಿಗೆ ಆ ಗುಳಿಗೆ ಬೇಕಾದದ್ದು ಎರಡು ವರ್ಷದಲ್ಲಿ ಒಂದೇ ಸಲ. ಈ ಬೇಸಿಗೆಯಲ್ಲಿ ಮಗಳು ಹಳೆಯವನ್ನೆಲ್ಲ ಚೆಲ್ಲಿಸಿ ಹೊಸವು ಹತ್ತು ತಂದುಕೊಟ್ಟಿದ್ದಳು.

ಯಶೋಧರಾ ಅಫಜಲಪುರದಲ್ಲಿ ನರ್ಸು. ನಮ್ಮ ಮಂದಿ ಹರಕೆ ಹೊತ್ತು ಗಾಣಗಾಪುರಕ್ಕೆ ಬರಿಗಾಲಲ್ಲಿ ನಡೆದಾರು, ಬಿಪಿ ನೋಡಿಸಿಕೊಳ್ಳಲು ಪಕ್ಕದ ಓಣಿಗೆ ಬರಲೊಲ್ಲರು ಎಂಬುದು ಅವಳ ಸಂಕಟ. ಹಾಗಾದರೆ ನಡೆಸಿಯೇ ದಾರಿಗೆ ತರೋಣ ಎಂದು ಬುದ್ಧವಿಹಾರದಲ್ಲಿ ನಾಲ್ಕು ಮಂದಿಯನ್ನು ಕೂಡಿಸಿ ಒಂದು ಯೋಜನೆ ಮಾಡಿದಳು. ಸೆಪ್ಟೆಂಬರಿನ ಕೊನೆಯ ಭಾನುವಾರ ಚೌಡಾಪುರ ಕ್ರಾಸಿನಿಂದ ಹೈಸ್ಕೂಲಿನವರೆಗೆ ಮೂರು ಕಿಲೋಮೀಟರ್ ಹೃದಯ ನಡಿಗೆ. ನಡೆದವರು ಕೈಲಾದಷ್ಟು ರೊಕ್ಕ ಡಬ್ಬಿಗೆ ಹಾಕುವುದು, ಕೂಡಿದ್ದರಲ್ಲಿ ಊರಿಗೊಂದು ಇಸಿಜಿ ಮಷೀನು. ಹೈಸ್ಕೂಲಿನಲ್ಲಿ ಅವಳ ಆಸ್ಪತ್ರೆಯ ಡಾಕ್ಟರ್ ನೂರೀನ ಎಲ್ಲರನ್ನೂ ಪುಕ್ಕಟೆ ನೋಡುವುದು. ಮುಂದೆ ನಡೆಯುವವನು ಯಾರು? ಸತ್ತು ಬದುಕಿ ಬಂದ ಮಲ್ಕಪ್ಪನೇ, ಇನ್ಯಾರು.

ಮಲ್ಕಪ್ಪನಿಗೆ ಮೈಯೆಲ್ಲ ಹುರುಪು. ಒಂದು ತಿಂಗಳು ಮೊದಲೇ ದಿನಾ ಬೆಳಿಗ್ಗೆ ಅದೇ ದಾರಿಯಲ್ಲಿ ರೂಢಿ ಮಾಡತೊಡಗಿದ. ರುಕ್ಮಿಣಿಬಾಯಿ ಸಂಚಿ ಸಿಕ್ಕಿಸಿಕೊಂಡು ಹತ್ತು ಹೆಜ್ಜೆ ಹಿಂದೆ. ಮೊದಲ ವಾರ ಎಲ್ಲ ಸರಿಯಿತ್ತು. ಎರಡನೇ ವಾರ, ತೊಗರಿ ಹೊಲದ ಹತ್ತಿರದ ಮೂರನೇ ಮೋರಿ ಬರುತ್ತಿದ್ದಂತೆ ಸಪ್ಪಳ ಕಡಿಯಿತು. ಅವನು ನಿಂತ, ತಿರುಗದೆ ಕೇಳಿದ. ಮುಳ್ಳು ಚುಚ್ಚಿತು ಅಂದಳು. ಮರುದಿನ ಅದೇ ಮೋರಿ, ಚಪ್ಪಲಿಯ ಬಾರು ಸಡಿಲ ಅಂದಳು. ಮಲ್ಕಪ್ಪ ಬಸ್ಸು ಹಿಡಿದು ಅಫಜಲಪುರಕ್ಕೆ ಹೋಗಿ ಮೆತ್ತನೆಯ ಹೊಸ ಚಪ್ಪಲಿ ತಂದ. ಹೊಸ ಚಪ್ಪಲಿಯಲ್ಲೂ ಸಪ್ಪಳ ಮೂರನೇ ಮೋರಿಗೇ ಕಡಿಯಿತು. ಈ ಸಲ ಗ್ಯಾಸು ಅಂದಳು, ರಾತ್ರಿ ಉಂಡ ಝುಣಕದ ತಲೆಗೆ ಕಟ್ಟಿದಳು.

ಅವನಿಗೆ ಒಳಗೊಳಗೇ ಹೆದರಿಕೆ ಹತ್ತಿತು. ಮಗಳ ಮುಂದೆ ಹೇಳಿದ. ಯಶೋಧರಾ ಆಗ ಬ್ಯಾನರು, ಮೈಕು, ನೀರಿನ ಕ್ಯಾನು ಎಂದು ಹತ್ತು ಕಡೆ ಓಡುತ್ತಿದ್ದಳು. ಅವ್ವ ಗಟ್ಟಿ ಆಳು, ಆದರೂ ನಡಿಗೆಯ ದಿನ ಅವಳದೂ ಇಸಿಜಿ ತೆಗೆಸೋಣ ಅಂದಳು. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಳ್ಳಲ್ಲ. ರುಕ್ಮಿಣಿಬಾಯಿಯಂತೂ ಆ ಮಾತನ್ನೇ ಹತ್ತಿರ ಸೇರಿಸಲಿಲ್ಲ. ಮನೆಯಲ್ಲಿ ಒಬ್ಬರಿಗೆ ಆದದ್ದೇ ಸಾಕು, ಹೆಂಗಸರಿಗೆಲ್ಲ ಅಂಥ ದೊಡ್ಡ ಜಡ್ಡು ಎಲ್ಲಿ ಬರುತ್ತದೆ ಎಂದು ನಕ್ಕು, ನಿಮ್ಮ ನಡಿಗೆ ಸುಸೂತ್ರ ಮುಗಿಯಲಿ, ಆಮೇಲೆ ನೋಡೋಣ ಎಂದು ಒಲೆಯ ಕಡೆ ತಿರುಗಿದಳು. ಆ ನಗುವಿನಲ್ಲಿ ಉಸಿರು ಸಾಲುತ್ತಿರಲಿಲ್ಲ. ಮಲ್ಕಪ್ಪ ಅದನ್ನೂ ಕೇಳಿಸಿಕೊಂಡ.

ಭಾನುವಾರ ಬಂತು. ಮೋಡ ಮುಸುಕಿದ ತಂಪು ಹೊತ್ತು. ಮುನ್ನೂರು ಮಂದಿ ಕೂಡಿದ್ದರು. ಯಡ್ರಾಮಿಯಿಂದ ಸಹ ಒಂದು ಟೆಂಪೋ ಮಂದಿ ಬಂದಿತ್ತು. ಮಲ್ಕಪ್ಪ ಹಳೆಯ ಟ್ರಂಕಿನಿಂದ ಗ್ಯಾಂಗಿನ ದಿನಗಳ ಕೆಂಪು ನಿಶಾನೆ ತೆಗೆದು, ಇಸ್ತ್ರಿ ಮಾಡಿಸಿ ಹಿಡಿದಿದ್ದ. ಅವನ ಎಡಬಲಕ್ಕೆ ಇಬ್ಬರು ಕಾಲೇಜು ಹುಡುಗಿಯರು, ಒಬ್ಬಳ ಕೈಯಲ್ಲಿ ನೀರು, ಇನ್ನೊಬ್ಬಳ ಕೈಯಲ್ಲಿ ಮಡಚುವ ಕುರ್ಚಿ. ಎಲ್ಲರ ಹಿಂದೆ ಆಂಬುಲೆನ್ಸು, ಅದೂ ಅವನಿಗಾಗಿಯೇ. ಊರಿನ ಕಣ್ಣೆಲ್ಲ ಅವನ ಎದೆಯ ಮೇಲೆ. ಹೆಂಗಸರ ಗುಂಪಿನಲ್ಲಿ ಸಂಚಿ ಸಿಕ್ಕಿಸಿಕೊಂಡು ನಡೆಯುತ್ತಿದ್ದ ರುಕ್ಮಿಣಿಬಾಯಿಯ ಮೇಲೆ ಯಾರ ಕಣ್ಣೂ ಇರಲಿಲ್ಲ.

ಮುಂದೆ ನಿಜಾಮುದ್ದೀನನ ಆಟೋ. ಅದರ ಮೇಲೆ ಎರಡು ಭೋಂಗಾ ಕಟ್ಟಿದ್ದರು. ಉಪ್ಪು ಕಡಿಮೆ ಮಾಡಿ, ತಂಬಾಕು ಬಿಡಿ ಎಂದು ಒಂದು ಭೋಂಗಾ ಒದರಿದರೆ, ಇನ್ನೊಂದರಿಂದ ಹಲಗೆಯ ಸಪ್ಪಳ. ನಿಜಾಮುದ್ದೀನ ಕೆಲಸಕ್ಕೆ ನಿಂತನೆಂದರೆ ಬೇಡವೆಂದರೂ ಕಡಿಮೆ ಮಾಡುವವನಲ್ಲ. ಆ ಗದ್ದಲದಲ್ಲಿ ಮಲ್ಕಪ್ಪನಿಗೆ ಏನೂ ಕೇಳಿಸಲಿಲ್ಲ. ಮೊದಲ ಮೋರಿ ದಾಟಿತು, ಎರಡನೆಯದೂ ದಾಟಿತು. ಅವನ ಕಿವಿ ಹಿಂದೆಯೇ ಇತ್ತು. ಮುನ್ನೂರು ಮಂದಿಯ ಚಪ್ಪಲಿ, ಬೂಟು, ಮಾತು, ನಗು ಎಲ್ಲ ಇದ್ದವು, ಬೇಕಾದದ್ದು ಮಾತ್ರ ಇರಲಿಲ್ಲ. ಕಣ್ಣು ಕಟ್ಟಿ ಬಿಟ್ಟವನಂತೆ ಆಯಿತು ಅವನಿಗೆ. ನೀರು ಹಿಡಿದ ಹುಡುಗಿ ಅಜ್ಜಾ ಬೆವರುತ್ತಿದ್ದೀರಿ ಎಂದಳು.

ಮೂರನೇ ಮೋರಿ ದಾಟಿ ಇನ್ನೂರು ಹೆಜ್ಜೆ ಹೋದ ಮೇಲೆ ಅವನಿಂದ ತಡೆಯಲಾಗಲಿಲ್ಲ. ಮೂವತ್ತು ವರ್ಷ ಬಸ್ಸು ಲಾರಿಗಳನ್ನು ನಿಲ್ಲಿಸಿದ ಕೈ ಅದು. ಕೆಂಪು ನಿಶಾನೆಯನ್ನು ಮೇಲೆತ್ತಿ ರಸ್ತೆಗೆ ಅಡ್ಡ ಹಿಡಿದ. ಮುನ್ನೂರು ಮಂದಿ ಗಕ್ಕನೆ ನಿಂತರು.

“ನಿಜಾಮುದ್ದೀನ, ಭೋಂಗಾ ಬಂದ್ ಮಾಡಪಾ. ಯಾರೂ ಜರಾ ಹೊತ್ತು ಮಾತಾಡಬ್ಯಾಡ್ರಿ.”

ಎಲ್ಲರೂ ಅವನಿಗೇ ಏನೋ ಆಯಿತು ಅಂದುಕೊಂಡರು. ಕುರ್ಚಿ ಬಂತು, ನೀರು ಬಂತು, ಗಾಳಿ ಬಿಡಿ ಗಾಳಿ ಬಿಡಿ ಎಂದು ಯಾರೋ ಪಿಸುಗುಟ್ಟಿದರು. ಯಶೋಧರಾ ಬಿಪಿ ಚೀಲ ಹಿಡಿದು ಓಡಿ ಬಂದಳು. ಅವನು ಎಲ್ಲರನ್ನೂ ಕೈಯಿಂದ ಸರಿಸಿ, ಕಣ್ಣು ಮುಚ್ಚಿ ನಿಂತ. ತೊಗರಿಯ ಮೇಲೆ ಗಾಳಿ ಹಾಯ್ದದ್ದು ಕೇಳಿಸಿತು. ದೂರದಲ್ಲಿ ಒಂದು ಟ್ರ್ಯಾಕ್ಟರು ಕೇಳಿಸಿತು. ಟಿಣ್ ಅನ್ನುವುದು ಕೇಳಿಸಲಿಲ್ಲ.

ಮಲ್ಕಪ್ಪ ತಿರುಗಿದ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ, ಮುನ್ನೂರು ಮಂದಿಯ ಎದುರಿಗೆ ತಿರುಗಿ, ಬಂದ ದಾರಿಯಲ್ಲೇ ವಾಪಸು ನಡೆದ. ಮಂದಿ ಎರಡು ಪಾಲಾಗಿ ದಾರಿ ಬಿಟ್ಟರು.

ರುಕ್ಮಿಣಿಬಾಯಿ ಮೂರನೇ ಮೋರಿಯ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಕಾಲು ನೋಯುತ್ತಿದೆ, ನೀವು ನಡೆಯಿರಿ ಎಂದು ಜೊತೆಯ ಹೆಂಗಸರನ್ನು ಮುಂದೆ ಕಳಿಸಿದ್ದಳಂತೆ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಸೆರಗು ಬೆವರಿಗೆ ತೊಯ್ದಿತ್ತು. ಒಂದು ಕೈ ಎಡಗಡೆಯ ದವಡೆಯ ಮೇಲೆ, ಇನ್ನೊಂದರಲ್ಲಿ ತಗಡಿನ ಡಬ್ಬಿ. ಗಂಡ ಬರುವುದನ್ನು ಕಂಡು ಅವಳು ಹೌಹಾರಿದಳು.

“ನೀವ್ಯಾಕ ತಿರುಗಿ ಬಂದ್ರಿ? ಎದಿ ಹಿಡಿತೇನು?” ಎಂದು ಡಬ್ಬಿಯನ್ನು ಅವನ ಕಡೆ ಚಾಚಿದಳು.

ಅವನು ಅದನ್ನು ಇಸಿದುಕೊಂಡು ಮುಚ್ಚಳ ತೆಗೆದ. ಹತ್ತು ಇದ್ದ ಗುಳಿಗೆಗಳಲ್ಲಿ ಒಂದೇ ಒಂದು ಉಳಿದಿತ್ತು. ಮಲ್ಕಪ್ಪ ಡಬ್ಬಿ ನೋಡಿದ, ಹೆಂಡತಿಯ ಮುಖ ನೋಡಿದ. ಮುಳ್ಳು, ಬಾರು, ಗ್ಯಾಸು ಎಲ್ಲ ಒಮ್ಮೆಗೇ ತಿಳಿಯಿತು. ಅವನ ಎದೆ ಧಸಕ್ಕೆಂದಿತು, ಆದರೆ ನೋವಿಗಲ್ಲ.

“ಉಳಿದಾವೆಲ್ಲ ನೀ ತಗೊಂಡಿಯೇನು?”

“ಬಿತ್ತಿಗಿ ದಿನದಿಂದ ಆಗಾಗ ಹಿಡೀತಿತ್ರಿ. ನಿಮಗ ನಾಟಿದ್ದು ನನಗೂ ನಾಟ್ತದ ಅಂತ ಬಾಯಾಗ ಹಾಕ್ಕೊಂಡೆ. ಬರಾಬರ್ ನಾಟ್ತು.” ಅವಳು ಉಸಿರಿಗಾಗಿ ನಿಂತಳು. “ಅದೊಂದು ಮುಟ್ಟಿಲ್ರಿ. ಹಾದ್ಯಾಗ ನಿಮಗೇನರ ಆದ್ರ ಬೇಕಲ್ಲ.”

ಎದೆಯೊಳಗೆ ಬೆಂಕಿ ಬಿದ್ದಿದ್ದರೂ, ಕೈಯಲ್ಲೇ ಗುಳಿಗೆ ಇದ್ದರೂ ಅವಳು ಅದನ್ನು ಬಾಯಿಗೆ ಹಾಕದೆ ಕೂತಿದ್ದಳು. ಯಶೋಧರಾ ಅಷ್ಟರಲ್ಲಿ ಮೊಣಕಾಲೂರಿ ಅವ್ವನ ರಟ್ಟೆಗೆ ಪಟ್ಟಿ ಸುತ್ತಿ ಬಿಪಿ ನೋಡಿದ್ದಳು. ಊರಿನವರಿಗೆಲ್ಲ ಮೂರು ತಿಂಗಳಿಂದ ಅವಳು ಹೇಳುತ್ತ ಬಂದಿದ್ದ ಲಕ್ಷಣಗಳೇ ಇವು: ದವಡೆ ನೋವು, ಬೆವರು, ಗ್ಯಾಸು ಅನ್ನುವ ಉಬ್ಬಸ. ಕೊಡು ಅಪ್ಪಾ, ನಾಲಿಗೆಯ ಕೆಳಗಿಡು ಅಂದಳು. ಮಲ್ಕಪ್ಪ ಆ ಕೊನೆಯ ಗುಳಿಗೆಯನ್ನು ತನ್ನ ಕೈಯಾರೆ ಹೆಂಡತಿಯ ನಾಲಿಗೆಯ ಕೆಳಗಿಟ್ಟ. ಬೇಡ ಬೇಡ ಎಂದು ಅವಳು ತಲೆ ಅಲ್ಲಾಡಿಸಿದಳು, ಆದರೆ ಬಾಯಿ ತೆರೆದಳು.

ಆಂಬುಲೆನ್ಸು ಹಿಂದೆಯೇ ಇತ್ತು. ಡಾಕ್ಟರ್ ನೂರೀನ ಹೈಸ್ಕೂಲಿನಿಂದ ತಮ್ಮ ಇಸಿಜಿ ಮಷೀನು ತಂದು ಅಲ್ಲೇ ಪಟ್ಟಿ ತೆಗೆದು ನೋಡಿದರು. ನೋಡಿದವರೇ ತಾವೂ ಗಾಡಿ ಹತ್ತಿದರು. ಗಾಡಿ ಕಲಬುರಗಿಗೆ ಹೊರಟಿತು. ನಡಿಗೆ ನಿಲ್ಲಿಸಬೇಡಿ ಎಂದು ಯಶೋಧರಾ ಕಿಟಕಿಯಿಂದ ಕೈ ಮಾಡಿ ಹೇಳಿದ್ದಳು. ಗುರಣ್ಣ ನೆಲಕ್ಕೆ ಬಿದ್ದಿದ್ದ ಕೆಂಪು ನಿಶಾನೆ ಎತ್ತಿಕೊಂಡ. ಅಂದು ಭೋಂಗಾ ಮತ್ತೆ ಹಚ್ಚಲಿಲ್ಲ. ಮಧ್ಯಾಹ್ನ ಇನ್ನೊಬ್ಬ ಡಾಕ್ಟರು ಬಂದು ಕೂತಾಗ ಹೈಸ್ಕೂಲಿನ ಸಾಲಿನಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು ಇದ್ದರಂತೆ.

ಒಂದು ರಕ್ತನಾಳ ಪೂರಾ ಮುಚ್ಚಿತ್ತು, ಇನ್ನೊಂದು ಅರ್ಧ. ಇನ್ನೊಂದು ತಾಸು ಅಲ್ಲೇ ಕೂತಿದ್ದರೆ ಕಷ್ಟವಿತ್ತು ಎಂದು ಕಲಬುರಗಿಯ ಡಾಕ್ಟರು ಹೇಳಿದರು. ಒಳಗೆ ಕರೆದೊಯ್ಯುವ ಮೊದಲು ಮೈಮೇಲಿನದೆಲ್ಲ ತೆಗೆಯಬೇಕು ಎಂದಾಗ ರುಕ್ಮಿಣಿಬಾಯಿ ಬಳೆ ಕೊಟ್ಟಳು, ತಾಳಿ ಕೊಟ್ಟಳು, ಕಾಲುಂಗುರಕ್ಕೆ ಮಾತ್ರ ಮುಖ ಸಣ್ಣದು ಮಾಡಿದಳು. ಸೋಪು ಹಚ್ಚಿ ತೆಗೆಯಬೇಕಾಯಿತು. ಮಲ್ಕಪ್ಪ ಅವನ್ನು ಖಾಲಿಯಾದ ಗುಳಿಗೆ ಡಬ್ಬಿಯಲ್ಲಿ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಹೊರಗಿನ ಬೆಂಚಿನ ಮೇಲೆ ಅವನು ಕೂತಾಗ ಎದ್ದಾಗಲೆಲ್ಲ ಅವು ಜೇಬಿನೊಳಗೆ ಟಿಣ್ ಅನ್ನುತ್ತಿದ್ದವು. ಆ ಸಪ್ಪಳ ಜೇಬಿನಿಂದ ಬರಬಾರದು, ಹಿಂದಿನಿಂದ ಬರಬೇಕು ಎಂದು ಅವನು ಬುದ್ಧನನ್ನೂ ಬಾಬಾಸಾಹೇಬರನ್ನೂ ನೆನೆದು ಬೇಡಿಕೊಂಡ. ಅಪ್ಪ ಅಳುವುದನ್ನು ಯಶೋಧರಾ ಮೊದಲ ಸಲ ನೋಡಿದಳು.

ಐದನೇ ದಿನ ಮನೆಗೆ ಕಳಿಸಿದರು. ಕಾಲಿಗೆ ಇನ್ನೂ ಬಾವು ಇದೆ, ಉಂಗುರ ಒಂದು ವಾರ ಬಿಟ್ಟು ಹಾಕಿಕೊಳ್ಳಿ ಎಂದರು. ಯಶೋಧರಾ ಕಾಗದ ತರಲು ಕೆಳಗೆ ಹೋದಳು. ಮಲ್ಕಪ್ಪ ಚೀಲ ಹಿಡಿದು ರೂಢಿಯಂತೆ ಮುಂದೆ ಹೊರಟ. ಆಸ್ಪತ್ರೆಯ ಉದ್ದನೆಯ ಪಡಸಾಲೆ, ನುಣುಪಾದ ನೆಲ. ನಾಲ್ಕು ಹೆಜ್ಜೆ ಹೋಗಿ ನಿಂತ. ಹಿಂದೆ ಸಪ್ಪಳವಿಲ್ಲ. ತಿರುಗಿ ನೋಡಿದ, ಬರುತ್ತಿದ್ದಳು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗಿದ. ಮೂರನೇ ಸಲ ತಿರುಗಿದಾಗ ಅವಳು ಗೋಡೆ ಹಿಡಿದು ನಿಂತು ನಕ್ಕಳು. ಈ ಸಲ ನಗುವಿಗೆ ಉಸಿರು ಸಾಲುತ್ತಿತ್ತು.

“ಹಿಂಗ ತಿರುಗಿ ತಿರುಗಿ ನಿಂತ್ರ ಮನಿ ಯಾವಾಗ ಮುಟ್ಟೂದ್ರಿ? ಮಂದಿ ನೋಡಾಕತ್ತಾರ.”

“ನೋಡ್ಲಿ,” ಅಂದ ಮಲ್ಕಪ್ಪ. “ನೀ ಮುಂದ ನಡಿ. ನಾನೂ ನೋಡಬೇಕಾಗ್ಯದ.”

ರುಕ್ಮಿಣಿಬಾಯಿ ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದೆ ನಿಂತಳು. ಮುಂದೆ ನಡೆದು ಅವಳಿಗೆ ರೂಢಿಯಿರಲಿಲ್ಲ. ಆಮೇಲೆ ಸೆರಗು ಸರಿಮಾಡಿಕೊಂಡು, ಗೋಡೆಯನ್ನು ಮುಟ್ಟಿ ಮುಟ್ಟಿ ಮೆಲ್ಲಗೆ ಹೊರಟಳು. ಮಲ್ಕಪ್ಪ ಹತ್ತು ಹೆಜ್ಜೆ ಬಿಡಲಿಲ್ಲ, ಎರಡೇ ಹೆಜ್ಜೆ ಬಿಟ್ಟು ಹಿಂದೆ ನಡೆದ. ದಾರಿ ನಡೆಯುವಾಗ ಅವಳನ್ನು ಹಿಂದಿನಿಂದ ನೋಡಿದ್ದು ಇದೇ ಮೊದಲು. ಅವಳ ತುರುಬು ಪೂರಾ ಬೆಳ್ಳಗಾಗಿದೆ ಎಂಬುದು ಅವನಿಗೆ ಅಂದು ಗೊತ್ತಾಯಿತು.